ಶಿಶುವಿನ ಜಠರದ ಗಂಟು: ಗುರುತು ಮತ್ತು ಚಿಕಿತ್ಸೆ

ಎಳೆಯ ಮಗುವಿನ ಹೊಟ್ಟೆಯಲ್ಲಿ ಏನೋ ಗಟ್ಟಿಯಾಗಿದೆ ಎಂಬುದನ್ನು ಮೊದಲು ಅರಿಯುವ ಕೈ ಅನೇಕ ವೇಳೆ ಅಜ್ಜಿಯದು. ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ನೀವಿ ನೀರೆರೆಯುವಾಗ ಮೆತ್ತಗಿರಬೇಕಾದ ಹೊಟ್ಟೆಯ ಎಡಮಗ್ಗುಲಲ್ಲಿ ಬೆರಳಿಗೆ ಏನೋ ತಡೆಯುತ್ತದೆ. ಸೇಲಂ ನಗರದ ದೇವಾಂಗ ನೇಕಾರರ ಮನೆಯಾಗಲಿ, ಧರ್ಮಪುರಿ ಜಿಲ್ಲೆಯ ಕನ್ನಡ ಮನೆಮಾತಿನ ಹಳ್ಳಿಯಾಗಲಿ, ಆಗ ಬರುವ ಮಾತು ಹೆಚ್ಚುಕಡಿಮೆ ಒಂದೇ: ಮಗುವಿನ ಹೊಟ್ಟೆಯಲ್ಲಿ ಗಂಟಿದೆ. ಈ ವಾಕ್ಯದಿಂದ ಹೊರಟು ಶಸ್ತ್ರಚಿಕಿತ್ಸೆಯ ಮೇಜಿನವರೆಗೆ ಸಾಗುವ ದಾರಿಯನ್ನು ವಿವರಿಸುವುದು ಈ ಲೇಖನದ ಉದ್ದೇಶ. ಆ ದಾರಿಯ ಮೊದಲ ಹೆಜ್ಜೆಗಳು ವೈದ್ಯಶಾಸ್ತ್ರಕ್ಕೆ ಎಷ್ಟು ಸೇರಿವೆಯೋ ಭಾಷೆಗೂ ಅಷ್ಟೇ ಸೇರಿವೆ.

‘ಹೊಟ್ಟೆ’ ಎಂಬ ಮಾತನ್ನೇ ನೋಡಬಹುದು. ಕನ್ನಡದಲ್ಲಿ ಅದು ಎದೆಯ ಕೆಳಗಿನಿಂದ ಸೊಂಟದವರೆಗಿನ ಇಡೀ ಉದರವನ್ನೂ ಹೇಳುತ್ತದೆ, ಉಂಡ ಅನ್ನ ಸೇರುವ ಚೀಲವನ್ನೂ ಹೇಳುತ್ತದೆ. ತಮಿಳಿನ ‘ವಯಿಱು’ ಕೂಡ ಹಾಗೆಯೇ. ಈ ವಯಿಱು ಮತ್ತು ಹಳಗನ್ನಡದ ‘ಬಸಿಱ್’ ಒಂದೇ ದ್ರಾವಿಡ ಮೂಲದ ಮಾತುಗಳು ಎಂಬುದು ಭಾಷಾವಿಜ್ಞಾನದ ಪಾಠದಲ್ಲಿ ಬರುವ ಸಂಗತಿ. ಹಳಗನ್ನಡದಲ್ಲಿ ಹೊಟ್ಟೆ ಎಂಬ ಅರ್ಥವಿದ್ದ ಬಸಿಱ್ ಇಂದು ‘ಬಸಿರು’ ಆಗಿ ಗರ್ಭಕ್ಕಷ್ಟೇ ಉಳಿದಿದೆ. ಅನ್ನದ ಚೀಲವೊಂದನ್ನೇ ಬೇರ್ಪಡಿಸಿ ಹೇಳಬೇಕಾದಾಗ ಕನ್ನಡ ‘ಜಠರ’ ಎಂಬ ಸಂಸ್ಕೃತ ಪದವನ್ನು ಹಿಡಿಯಿತು. ತಮಿಳು ‘ಇರೈಪ್ಪೈ’ ಎಂದು ತನ್ನದೇ ಮಾತನ್ನು ಕಟ್ಟಿಕೊಂಡಿತು. ಮನೆಯ ಮಾತಿನಲ್ಲಿ ಇವೆರಡೂ ಬಳಕೆಯಾಗುವುದು ಅಪರೂಪ. ಆದ್ದರಿಂದ ‘ಹೊಟ್ಟೆಯಲ್ಲಿ ಗಂಟು’ ಎಂದು ಕೇಳಿದ ವೈದ್ಯರಿಗೆ ಅದು ಮೂತ್ರಪಿಂಡದ್ದೋ, ಯಕೃತ್ತಿನದ್ದೋ, ಕರುಳಿನದ್ದೋ, ಜಠರದ್ದೋ ಎಂಬುದು ಸ್ವಲ್ಪವೂ ತಿಳಿಯುವುದಿಲ್ಲ. ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದೇ ರೋಗನಿರ್ಣಯ.

ಶಿಶುಗಳ ಜಠರದಲ್ಲಿ ಗಡ್ಡೆ ಬೆಳೆಯುವುದು ಅತ್ಯಂತ ಅಪರೂಪ. ನವಜಾತ ಶಿಶುವಿನ ಉದರದಲ್ಲಿ ಕೈಗೆ ಸಿಗುವ ಗಂಟುಗಳಲ್ಲಿ ಸುಮಾರು ಅರ್ಧದಷ್ಟು ಮೂತ್ರಪಿಂಡಕ್ಕೆ ಸೇರಿದವು. ಅವುಗಳಲ್ಲಿಯೂ ಬಹಳಷ್ಟು ನಿಜವಾದ ಗಡ್ಡೆಗಳಲ್ಲ, ಮೂತ್ರ ಹರಿಯಲು ತಡೆಯಾಗಿ ಊದಿಕೊಂಡ ಮೂತ್ರಪಿಂಡಗಳು. ಜಠರದ ಗೋಡೆಯಿಂದಲೇ ಹುಟ್ಟುವ, ಶಿಶುಗಳಿಗೇ ವಿಶಿಷ್ಟವೆನ್ನಬಹುದಾದ ಗಡ್ಡೆ ‘ಟೆರಟೋಮ’. 1922ರಲ್ಲಿ ಅಮೆರಿಕದ ಯೂಸ್ಟರ್ಮನ್ ಮತ್ತು ಸೆಂಟ್ರಿ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. ಅಲ್ಲಿಂದ ಈಚೆಗೆ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದವನ್ನೆಲ್ಲ ಕೂಡಿಸಿದರೂ ಸಂಖ್ಯೆ ಕೆಲವು ನೂರರೊಳಗೇ ನಿಲ್ಲುತ್ತದೆ. ಮಕ್ಕಳಲ್ಲಿ ಕಾಣುವ ಎಲ್ಲ ಟೆರಟೋಮಗಳಲ್ಲಿ ಜಠರದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಬೆನ್ನಿನ ಬುಡದಲ್ಲಿ ಬೆಳೆಯುವ ಟೆರಟೋಮವೇ ಶಿಶುಗಳಲ್ಲಿ ಹೆಚ್ಚು ಸಾಮಾನ್ಯ. ಅದೂ ಸುಮಾರು 35,000ದಿಂದ 40,000 ಹೆರಿಗೆಗಳಿಗೆ ಒಂದು. ಮಕ್ಕಳ ಶಸ್ತ್ರವೈದ್ಯರೊಬ್ಬರು ತಮ್ಮ ಇಡೀ ವೃತ್ತಿಜೀವನದಲ್ಲಿ ಜಠರದ ಟೆರಟೋಮವನ್ನು ಒಮ್ಮೆ ಕಂಡರೆ ಅದೇ ಹೆಚ್ಚು.

ಈ ಗಡ್ಡೆಯ ಸ್ವರೂಪ ವಿಚಿತ್ರವಾದುದು. ಭ್ರೂಣವು ಮೂರು ಪದರಗಳಿಂದ ರೂಪುಗೊಳ್ಳುತ್ತದೆ. ಹೊರಪದರದಿಂದ ಚರ್ಮ, ಕೂದಲು, ನರಗಳು. ನಡುಪದರದಿಂದ ಮೂಳೆ, ಸ್ನಾಯು, ರಕ್ತನಾಳಗಳು. ಒಳಪದರದಿಂದ ಕರುಳಿನ ಮತ್ತು ಶ್ವಾಸನಾಳದ ಒಳಹೊದಿಕೆ. ಟೆರಟೋಮದಲ್ಲಿ ಈ ಮೂರೂ ಪದರಗಳ ಅಂಗಾಂಶಗಳು ಕಲಸಿಕೊಂಡಿರುತ್ತವೆ. ಗಡ್ಡೆಯನ್ನು ಸೀಳಿದಾಗ ಒಂದೆಡೆ ಮೃದ್ವಸ್ಥಿ, ಇನ್ನೊಂದೆಡೆ ಕೊಬ್ಬು, ನೀರು ತುಂಬಿದ ಚೀಲಗಳು, ಒಮ್ಮೊಮ್ಮೆ ಕೂದಲಿನ ಎಳೆ, ಹಲ್ಲಿನ ಮೊಳಕೆ ಕೂಡ ಕಾಣಬಹುದು. ಮುಂದೆ ಅಂಡ ಅಥವಾ ವೀರ್ಯಾಣುಗಳಾಗಬೇಕಾದ ಆದಿಕೋಶಗಳು ಭ್ರೂಣದ ನಾಲ್ಕನೆಯ ವಾರದ ಹೊತ್ತಿಗೆ ಯೋಕ್ ಚೀಲದ ಗೋಡೆಯಲ್ಲಿದ್ದು, ಅಲ್ಲಿಂದ ಕರುಳಿನ ಬದಿಯ ದಾರಿ ಹಿಡಿದು ತಮ್ಮ ಸ್ಥಾನಕ್ಕೆ ಪಯಣಿಸುತ್ತವೆ. ದಾರಿಯಲ್ಲಿ ಹಿಂದುಳಿದ ಕೆಲವು ಕೋಶಗಳು ಅಲ್ಲಿಯೇ ಬೇರೂರಿ, ತಮಗೆ ತಿಳಿದ ಎಲ್ಲ ಅಂಗಾಂಶಗಳನ್ನೂ ಅಸ್ತವ್ಯಸ್ತವಾಗಿ ಕಟ್ಟತೊಡಗುತ್ತವೆ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. ತಾಯಿ ಗರ್ಭಿಣಿಯಾಗಿದ್ದಾಗ ಉಂಡದ್ದಕ್ಕಾಗಲಿ, ಕಂಡ ಗ್ರಹಣಕ್ಕಾಗಲಿ ಇದರೊಡನೆ ಸಂಬಂಧವಿಲ್ಲ.

ಹೆಸರಿನ ವಿಷಯದಲ್ಲಿ ಒಂದು ಮಾತು. 19ನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಶೋ ಬಳಕೆಗೆ ತಂದ ‘ಟೆರಟೋಮ’ ಪದದ ಮೂಲ ಗ್ರೀಕಿನ ‘ತೆರಾಸ್’. ಅದಕ್ಕೆ ಅದ್ಭುತ, ಅಪಶಕುನ, ವಿಕಾರಪ್ರಾಣಿ ಎಂಬ ಅರ್ಥಗಳಿವೆ. ಇದನ್ನು ಅರ್ಥಾನುಸಾರಿಯಾಗಿ ಕನ್ನಡಿಸಹೊರಟರೆ ‘ವಿಕಾರ’, ‘ರಾಕ್ಷಸ’ ಮೊದಲಾದ ಮಾತುಗಳು ಬಾಣಂತಿಯ ಕಿವಿಗೆ ಬೀಳುತ್ತವೆ. ಪರಿಭಾಷೆಯನ್ನು ಕನ್ನಡದಲ್ಲಿಯೇ ಕಟ್ಟಬೇಕೆಂಬ ಹಂಬಲ ಸಾಧುವಾದುದೇ. ಆದರೆ ಇಲ್ಲಿ ಎರವಲು ಪದವೇ ಕರುಣೆಯುಳ್ಳದ್ದು. ‘ಮಗುವಿನ ಹೊಟ್ಟೆಯಲ್ಲಿ ಮಗು’ ಎಂಬ ಪತ್ರಿಕಾ ಶೀರ್ಷಿಕೆಗಳದೂ ಇಂಥದೇ ತೊಂದರೆ. ಒಂದು ಭ್ರೂಣದೊಳಗೆ ಅದರ ಅವಳಿ ಸೇರಿಹೋಗುವ ಸ್ಥಿತಿ ನಿಜವಾಗಿಯೂ ಉಂಟು. ಅದರಲ್ಲಿ ಬೆನ್ನೆಲುಬಿನ ಕಂಬವೂ ಅದರ ಸುತ್ತ ಕ್ರಮವಾಗಿ ಜೋಡಣೆಗೊಂಡ ಅವಯವಗಳೂ ಕಾಣುತ್ತವೆ. ಟೆರಟೋಮದಲ್ಲಿ ಅಂಥ ಕ್ರಮವಿಲ್ಲ. ಅದು ಗಡ್ಡೆ, ಅದನ್ನು ಬಸಿರು ಎನ್ನುವುದು ತಪ್ಪು.

ಜಠರದ ಟೆರಟೋಮ ಬಹುತೇಕ ಜೀವನದ ಮೊದಲ ವರ್ಷದಲ್ಲಿ, ಅದರಲ್ಲಿಯೂ ಮೊದಲ ಕೆಲವು ತಿಂಗಳುಗಳಲ್ಲಿ ಗೋಚರಿಸುತ್ತದೆ. ವರದಿಯಾದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗಂಡುಮಕ್ಕಳು. 1992ರಲ್ಲಿ ತೊಟ್ಟಿಲು ಮಗು ಯೋಜನೆಯನ್ನು ಮೊದಲಿಗೆ ಆರಂಭಿಸಬೇಕಾಗಿ ಬಂದದ್ದು ಸೇಲಂ ಜಿಲ್ಲೆಯಲ್ಲಿಯೇ. ಇಂಥ ಸೀಮೆಯಲ್ಲಿ ಈ ಅಂಕಿಯನ್ನು ಓದುವವರಿಗೆ ಒಂದು ಸಂಶಯ ಹುಟ್ಟುವುದು ಸಹಜ: ಆಸ್ಪತ್ರೆಗೆ ಕರೆತರಲಾದ ಮಕ್ಕಳನ್ನಷ್ಟೇ ಎಣಿಸಿದ ಲೆಕ್ಕವಲ್ಲವೇ ಇದು? ಜಗತ್ತಿನ ಬೇರೆ ಬೇರೆ ದೇಶಗಳ ವರದಿಗಳಲ್ಲಿಯೂ ಗಂಡುಮಕ್ಕಳದೇ ಮೇಲುಗೈ ಕಾಣುವುದರಿಂದ ಇದು ರೋಗದ ಸ್ವಭಾವವೇ ಎಂದು ಒಪ್ಪಬೇಕಾಗುತ್ತದೆ. ಆದರೂ ಹೆಣ್ಣುಮಗುವಿನ ಹೊಟ್ಟೆಯ ಗಂಟನ್ನು ಹಗುರವಾಗಿ ಕಾಣಲು ಈ ಅಂಕಿ ನೆಪವಾಗಬಾರದು. ಉದರದ ಇತರ ಗಡ್ಡೆಗಳು ಹೆಣ್ಣು ಗಂಡೆಂಬ ಭೇದವನ್ನು ಅಷ್ಟಾಗಿ ಮಾಡುವುದಿಲ್ಲ.

ಗಡ್ಡೆ ಜಠರದ ಗೋಡೆಯಿಂದ ಹೊರಮುಖವಾಗಿ ಬೆಳೆಯಬಹುದು ಇಲ್ಲವೆ ಒಳಮುಖವಾಗಿ ಬೆಳೆಯಬಹುದು. ಹೊರಮುಖವಾದದ್ದೇ ಹೆಚ್ಚು. ಆಗ ಹೊಟ್ಟೆ ದಿನದಿನಕ್ಕೆ ಉಬ್ಬುತ್ತದೆ, ಗಂಟು ಕೈಗೆ ಸಿಗುತ್ತದೆ, ವಪೆಯನ್ನು ಮೇಲಕ್ಕೆ ಒತ್ತಿ ಮಗುವಿನ ಉಸಿರಾಟವನ್ನು ವೇಗಗೊಳಿಸುತ್ತದೆ. ಒಳಮುಖವಾಗಿ ಬೆಳೆದ ಗಡ್ಡೆ ಹಾಲಿಗೆ ಅಡ್ಡ ನಿಲ್ಲುತ್ತದೆ; ಅದರ ಮೇಲ್ಮೈ ಹುಣ್ಣಾಗಿ ರಕ್ತ ಒಸರಬಹುದು. ವಾಂತಿಯಲ್ಲಿ ಕೆಂಪು ಅಥವಾ ಕಾಫಿಚರಟದಂಥ ಬಣ್ಣ, ಮಲದಲ್ಲಿ ಡಾಂಬರಿನಂಥ ಕಪ್ಪು, ಮಗುವಿನ ಅಂಗೈ ಅಂಗಾಲುಗಳಲ್ಲಿ ಬಿಳಿಚಿಕೆ ಇದರ ಚಿಹ್ನೆಗಳು. ಮೂರು ಕಿಲೊ ತೂಕದ ಶಿಶುವಿನ ದೇಹದಲ್ಲಿರುವ ಒಟ್ಟು ರಕ್ತ ಸುಮಾರು 240 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟದಷ್ಟು. ಆದಕಾರಣ ದೊಡ್ಡವರಿಗೆ ಲೆಕ್ಕಕ್ಕೆ ಬಾರದ ರಕ್ತಸ್ರಾವ ಶಿಶುವಿಗೆ ಪ್ರಾಣಾಂತಿಕ. ಹುಟ್ಟಿದ ಮೊದಲೆರಡು ದಿನಗಳ ಕಪ್ಪುಹಸಿರು ಮಲ ಸಹಜ. ಅನಂತರ ಮರುಕಳಿಸಿದ ಕಪ್ಪು ಸಹಜವಲ್ಲ.

ಇಷ್ಟು ಚಿಹ್ನೆಗಳಿದ್ದರೂ ದಾರಿ ತಪ್ಪಲು ಅವಕಾಶಗಳು ಬಹಳ. ಹಾಲು ಹೆಚ್ಚಾಯಿತು, ವಾಯು ತುಂಬಿತು, ದೃಷ್ಟಿ ತಾಗಿತು ಎಂಬ ವಿವರಣೆಗಳು ಮನೆಯಲ್ಲಿ ಸಿದ್ಧವಾಗಿರುತ್ತವೆ. ಗ್ರೈಪ್ ವಾಟರ್ ಬಾಟಲಿಯೂ ಸಿದ್ಧವಾಗಿರುತ್ತದೆ. ಹಾಲು ಕುಡಿದ ಶಿಶುವಿನ ಹೊಟ್ಟೆ ಉಬ್ಬುವುದೂ ವಾಯುವಿನಿಂದ ಅಳುವುದೂ ನಿತ್ಯದ ಸಂಗತಿಯಾದ್ದರಿಂದ ಆ ಊಹೆ ಬಹುಪಾಲು ಸರಿಯಾಗಿಯೇ ಇರುತ್ತದೆ. ಅಪಾಯವಿರುವುದು ಅಲ್ಲಿಯೇ. ವಾಯುವಿನ ಉಬ್ಬರ ಬಂದು ಹೋಗುತ್ತದೆ; ಮಗು ಮಲಗಿದಾಗ, ಹೊಟ್ಟೆ ಖಾಲಿಯಿದ್ದಾಗ ಇಳಿಯುತ್ತದೆ. ಗಡ್ಡೆಯ ಉಬ್ಬರ ಇಳಿಯುವುದಿಲ್ಲ. ಹಾಲೂಡಿಸುವ ಮುನ್ನ, ಮಗು ನಿದ್ರಿಸುವಾಗ ಮೃದುವಾಗಿ ಕೈಯಿಟ್ಟು ನೋಡಿದರೂ ಅದು ಅಲ್ಲಿಯೇ ಇರುತ್ತದೆ. ಈ ಒಂದು ಭೇದವನ್ನು ತಿಳಿಯಲು ಯಾವ ಯಂತ್ರವೂ ಬೇಡ.

ಕನ್ನಡ ಸಾಹಿತ್ಯಚರಿತ್ರೆಯ ಶಾಸ್ತ್ರಗ್ರಂಥಗಳ ಭಾಗದಲ್ಲಿ ವಿದ್ಯಾರ್ಥಿಗಳು ಸುಮಾರು 1200ರ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ಯ ಹೆಸರನ್ನು ಓದಿರುತ್ತಾರೆ. ಮಾತು ಬಾರದ ಶಿಶುವಿನ ನೋವಿಗೆ ಕಾಣದ ಗ್ರಹವೊಂದನ್ನು ಕಾರಣವಾಗಿ ಕಲ್ಪಿಸಿಕೊಂಡ ಕಾಲವನ್ನು ಆ ಶೀರ್ಷಿಕೆ ನೆನಪಿಸುತ್ತದೆ. ಆದರೆ ಹಳೆಯ ವೈದ್ಯವೆಂದರೆ ಬರಿಯ ಗ್ರಹಚಿಂತೆ ಎಂದು ತಳ್ಳಿಹಾಕುವುದು ಅನ್ಯಾಯ. ಶಿಶುವೈದ್ಯಕ್ಕೆ ಮೀಸಲಾದ ಸಂಸ್ಕೃತದ ‘ಕಾಶ್ಯಪಸಂಹಿತೆ’ಯಲ್ಲಿ ‘ವೇದನಾಧ್ಯಾಯ’ವೆಂಬ ಒಂದು ಅಧ್ಯಾಯವೇ ಇದೆ. ಮಗು ಬಾಯಿಬಿಟ್ಟು ಹೇಳಲಾರದ ನೋವನ್ನು ಅದರ ಅಳು, ಮೊಲೆಯುಣ್ಣಲು ಒಲ್ಲದಿರುವಿಕೆ, ಹೊಟ್ಟೆಯ ಬಿಗಿತ, ಮುಖದ ಬೆವರುಗಳಿಂದ ಓದಿಕೊಳ್ಳುವ ಬಗೆಯನ್ನು ಅಲ್ಲಿ ವಿವರಿಸಲಾಗಿದೆ. ಇಂದಿನ ಮಕ್ಕಳ ವೈದ್ಯರೂ ಮೊದಲು ಮಾಡುವುದು ಇದನ್ನೇ. ಖಂಡಿಸಬೇಕಾದದ್ದು ಬರೆ ಹಾಕುವ ಪದ್ಧತಿ. ಹೊಟ್ಟೆಯುಬ್ಬರಕ್ಕೆ ಕಾದ ಬಳೆಚೂರಿನಿಂದಲೋ ಕಾದ ಲೋಹದಿಂದಲೋ ಶಿಶುವಿನ ಹೊಟ್ಟೆಯ ಮೇಲೆ ಬರೆಯೆಳೆಯುವುದು ಕರ್ನಾಟಕದಲ್ಲಿಯೂ ನೆರೆನಾಡುಗಳಲ್ಲಿಯೂ ಪೂರ್ತಿ ಅಳಿದಿಲ್ಲ. ಬರೆಯಿಂದ ಗಡ್ಡೆ ಕರಗುವುದಿಲ್ಲ. ಚರ್ಮ ಸುಟ್ಟು ಸೋಂಕು ತಗಲುತ್ತದೆ, ಶಸ್ತ್ರವೈದ್ಯರು ಕೊಯ್ಯಬೇಕಾದ ಜಾಗವೇ ಹುಣ್ಣಾಗುತ್ತದೆ, ವಾರಗಳು ಕಳೆದುಹೋಗುತ್ತವೆ.

ಪದಗಳೂ ದಾರಿ ತಪ್ಪಿಸುತ್ತವೆ. ಆಯುರ್ವೇದದ ಗ್ರಂಥಗಳಲ್ಲಿ ‘ಗುಲ್ಮ’ ಎಂದರೆ ಉದರದೊಳಗಿನ ಗಂಟಿನಂಥ ರೋಗ. ಇಂದಿನ ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಅದೇ ಮಾತು ಹೊಟ್ಟೆಯ ಎಡಮೇಲ್ಭಾಗದ ಒಂದು ಅವಯವದ ಹೆಸರು. ಹಳಬರು ಅದನ್ನು ‘ಪ್ಲೀಹ’ ಎನ್ನುತ್ತಿದ್ದರು. ಜಠರದ ಟೆರಟೋಮ ಸಾಮಾನ್ಯವಾಗಿ ಕೈಗೆ ಸಿಗುವುದೂ ಆ ಎಡಮೇಲ್ಭಾಗದಲ್ಲಿಯೇ. ‘ಗುಲ್ಮ ದೊಡ್ಡದಾಗಿದೆ’ ಎಂಬ ವಾಕ್ಯ ಯಾರ ಬಾಯಿಂದ ಬಂತು ಎಂಬುದರ ಮೇಲೆ ಅದರ ಅರ್ಥ ನಿಂತಿರುತ್ತದೆ.

ಶಿಶುವಿನ ಜಠರದಲ್ಲಿ ಕೈಗೆ ಸಿಗುವ ಗಂಟುಗಳಲ್ಲಿ ಬಹುಪಾಲಿನ ಕಾರಣ ಗಡ್ಡೆಯೇ ಅಲ್ಲ. ಜಠರದಿಂದ ಕರುಳಿಗೆ ತೆರೆಯುವ ಬಾಗಿಲಿನ ಸ್ನಾಯು ದಪ್ಪವಾಗಿ ದಾರಿ ಮುಚ್ಚುವ ಸ್ಥಿತಿಯೊಂದಿದೆ. ಹುಟ್ಟಿದ ಎರಡರಿಂದ ಎಂಟು ವಾರಗಳ ನಡುವೆ, ಗಂಡುಮಕ್ಕಳಲ್ಲಿ ಹೆಚ್ಚಾಗಿ, ಕುಡಿದ ಹಾಲು ಪಿತ್ತದ ಬಣ್ಣವಿಲ್ಲದೆ ಚಿಮ್ಮಿ ಹೊರಬೀಳುತ್ತದೆ. ವಾಂತಿಯಾದ ಒಡನೆಯೇ ಮಗು ಮತ್ತೆ ಹಸಿದು ಬಾಯಿ ಚಾಚುತ್ತದೆ. ಆ ಸ್ನಾಯುವಿನ ಗಂಟನ್ನು ವೈದ್ಯಕೀಯ ಪಠ್ಯಗಳು ಆಲಿವ್ ಕಾಯಿಗೆ ಹೋಲಿಸುತ್ತವೆ. ಆಲಿವ್ ಬೆಳೆಯದ ಸೀಮೆಯ ವಿದ್ಯಾರ್ಥಿಗೆ ಬೇವಿನ ಹಣ್ಣು ಎಂದರೆ ಗಾತ್ರವೂ ಆಕಾರವೂ ತಟ್ಟನೆ ಹೊಳೆದಾವು. ಇದಕ್ಕೆ ಜರ್ಮನಿಯ ರಾಮ್‌ಸ್ಟೆಟ್ 1912ರಲ್ಲಿ ಪ್ರಕಟಿಸಿದ ಸಣ್ಣ ಶಸ್ತ್ರಕ್ರಿಯೆಯೇ ಇಂದಿಗೂ ಚಿಕಿತ್ಸೆ. ಬೇವಿನ ಹಣ್ಣಿನಷ್ಟಿರುವ ಈ ಗಂಟಿಗೂ ಅಂಗೈ ತುಂಬುವ ಟೆರಟೋಮಕ್ಕೂ ಇರುವ ಅಂತರ ಕೈಗೆ ತಿಳಿಯುತ್ತದೆ. ಆದರೆ ವಾಂತಿಯೊಂದನ್ನೇ ಕೇಳಿ ನಿರ್ಣಯಿಸುವವರಿಗೆ ತಿಳಿಯುವುದಿಲ್ಲ.

ಆಸ್ಪತ್ರೆಯಲ್ಲಿ ಪರೀಕ್ಷೆ ಹಂತಹಂತವಾಗಿ ಸಾಗುತ್ತದೆ. ವೈದ್ಯರು ಬೆಚ್ಚಗಿನ ಕೈಯಿಂದ ಮೆಲ್ಲಗೆ ಮುಟ್ಟಿ ನೋಡುತ್ತಾರೆ. ಪದೇಪದೇ ಅದುಮುವಂತಿಲ್ಲ, ಏಕೆಂದರೆ ಗಂಟು ಮೂತ್ರಪಿಂಡದ ಕ್ಯಾನ್ಸರ್ ಆಗಿದ್ದಲ್ಲಿ ಒಡೆಯುವ ಭಯವಿದೆ. ಸಾಧಾರಣ ಎಕ್ಸ್‌ರೇಯಲ್ಲಿ ಉದರದೊಳಗೆ ಸುಣ್ಣದ ಚುಕ್ಕೆಗಳೋ ಮೂಳೆಯಂಥ ತುಣುಕುಗಳೋ ಕಂಡರೆ ಟೆರಟೋಮದ ಸಂಶಯ ಬಲವಾಗುತ್ತದೆ. ಆದರೆ ನರಕೋಶಗಳಿಂದ ಹುಟ್ಟುವ ನ್ಯೂರೋಬ್ಲಾಸ್ಟೋಮದಲ್ಲಿಯೂ ಸುಣ್ಣದ ಚುಕ್ಕೆಗಳಿರುವುದರಿಂದ ಅಷ್ಟಕ್ಕೇ ನಿಲ್ಲುವಂತಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ವಿಕಿರಣವಿಲ್ಲ, ನೋವಿಲ್ಲ. ನೀರಿನ ಚೀಲಗಳೂ ಗಟ್ಟಿ ಭಾಗಗಳೂ ಬೆರೆತಿರುವುದನ್ನು ಅದು ತೋರಿಸುತ್ತದೆ. ಗಡ್ಡೆ ಯಾವ ಅವಯವಕ್ಕೆ ಅಂಟಿದೆ, ದೊಡ್ಡ ರಕ್ತನಾಳಗಳು ಎಲ್ಲಿ ಸರಿದಿವೆ ಎಂಬುದಕ್ಕೆ ಸಿ.ಟಿ. ಸ್ಕ್ಯಾನ್ ಬೇಕು. ಇಷ್ಟೆಲ್ಲ ಆದಮೇಲೂ ಗಡ್ಡೆ ಜಠರದ್ದೇ ಎಂಬುದು ಹೊಟ್ಟೆ ತೆರೆದಾಗಲೇ ಖಚಿತವಾಗುವುದುಂಟು. ಅದು ಅಷ್ಟು ದೊಡ್ಡದಾಗಿ ಬೆಳೆದು ನೆರೆಯ ಅವಯವಗಳನ್ನೆಲ್ಲ ಬದಿಗೆ ನೂಕಿರುತ್ತದೆ.

ರಕ್ತಪರೀಕ್ಷೆಗಳಲ್ಲಿ ಮುಖ್ಯವಾದದ್ದು ಆಲ್ಫಾ ಫೀಟೋಪ್ರೋಟೀನ್. ಟೆರಟೋಮದೊಳಗೆ ಕ್ಯಾನ್ಸರ್ ಸ್ವಭಾವದ ಭಾಗವಿದ್ದರೆ ಇದರ ಪ್ರಮಾಣ ಏರುತ್ತದೆ. ಆದರೆ ಈ ಪ್ರೋಟೀನ್ ಭ್ರೂಣದ ಯಕೃತ್ತಿನಲ್ಲಿ ಸಹಜವಾಗಿಯೇ ತಯಾರಾಗುವಂಥದು. ಆರೋಗ್ಯವಂತ ಶಿಶುವಿನಲ್ಲಿಯೂ ಹುಟ್ಟಿದಾಗ ಪ್ರತಿ ಮಿಲಿಲೀಟರ್ ರಕ್ತಸಾರದಲ್ಲಿ ಸರಾಸರಿ 48,000 ನ್ಯಾನೋಗ್ರಾಂ ಇರುತ್ತದೆ. ಒಂದು ತಿಂಗಳಿಗೆ ಸುಮಾರು 2,600ಕ್ಕೆ, ಎರಡು ತಿಂಗಳಿಗೆ ಸುಮಾರು 300ಕ್ಕೆ ಇಳಿದು, ಎಂಟು ತಿಂಗಳ ಹೊತ್ತಿಗೆ 10ಕ್ಕಿಂತ ಕೆಳಗೆ ಬರುತ್ತದೆ. ಮಗುವಿನಿಂದ ಮಗುವಿಗೆ ವ್ಯತ್ಯಾಸವೂ ದೊಡ್ಡದು. ವಯಸ್ಕರ ಮಾನದಂಡವನ್ನು ಮುಂದಿಟ್ಟುಕೊಂಡು ಒಂದು ತಿಂಗಳ ಶಿಶುವಿನ ವರದಿಯನ್ನು ಓದಿದರೆ ಇಲ್ಲದ ಕ್ಯಾನ್ಸರ್ ಕಾಣುತ್ತದೆ. ಪ್ರಯೋಗಾಲಯದ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಮುದ್ರಿತವಾದ ಅಂಕಿಯನ್ನು ಕಂಡು ತಾಯ್ತಂದೆಯರು ಧೃತಿಗೆಡುವುದಕ್ಕೆ ಮುನ್ನ ಇದನ್ನು ಯಾರಾದರೂ ಅವರ ಭಾಷೆಯಲ್ಲಿ ವಿವರಿಸಬೇಕು.

ಚಿಕಿತ್ಸೆ ಶಸ್ತ್ರಕ್ರಿಯೆಯೊಂದೇ. ಗಡ್ಡೆಯನ್ನು ಅದು ಅಂಟಿದ ಜಠರದ ಗೋಡೆಯ ಅಂಚಿನೊಡನೆ ಪೂರ್ತಿಯಾಗಿ ತೆಗೆದು, ಉಳಿದ ಗೋಡೆಯನ್ನು ಹೊಲಿಯುತ್ತಾರೆ. ಗಡ್ಡೆ ವ್ಯಾಪಕವಾಗಿದ್ದರೆ ಜಠರದ ಒಂದು ಭಾಗವನ್ನೇ ತೆಗೆಯಬೇಕಾಗುತ್ತದೆ. ಇಡಿಯ ಜಠರವನ್ನು ತೆಗೆಯುವ ಪ್ರಸಂಗ ತೀರ ವಿರಳ. ಕಷ್ಟವಿರುವುದು ಕೊಯ್ತಕ್ಕಿಂತ ಅದರ ಸುತ್ತಮುತ್ತ. ಎಳೆಯ ದೇಹ ಬೇಗ ತಣ್ಣಗಾಗುವುದರಿಂದ ಶಸ್ತ್ರಕೊಠಡಿಯನ್ನು ಬೆಚ್ಚಗಿಡಬೇಕು, ಹೊಂದುವ ರಕ್ತ ಮೊದಲೇ ಕೈಯಲ್ಲಿರಬೇಕು, ಅರಿವಳಿಕೆ ಕೊಡುವವರಿಗೆ ಶಿಶುಗಳಲ್ಲಿ ಅನುಭವವಿರಬೇಕು, ಅನಂತರ ಕೆಲವು ದಿನ ನವಜಾತ ಶಿಶುಗಳ ತೀವ್ರನಿಗಾ ಘಟಕ ಬೇಕು. ಆ ದಿನಗಳಲ್ಲಿ ಮೂಗಿನ ಮೂಲಕ ಇಳಿಸಿದ ನಳಿಕೆ ಜಠರವನ್ನು ಖಾಲಿಯಿಡುತ್ತದೆ. ತಾಯಿ ಹಾಲನ್ನು ಹಿಂಡಿ ತೆಗೆಯುತ್ತಿದ್ದರೆ ಮಾತ್ರ ಮಗು ಮರಳಿ ಮೊಲೆಗೆ ಬರುವಾಗ ಹಾಲಿರುತ್ತದೆ. ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಡಿಯಲ್ಲಿ ನೋಡಿ ಅದು ಪಕ್ವವೋ ಅಪಕ್ವವೋ ಎಂದು ನಿರ್ಣಯಿಸಲಾಗುತ್ತದೆ. ಅಪಕ್ವ ಎಂಬ ಮಾತಿನಿಂದ ಹೆದರಬೇಕಾಗಿಲ್ಲ. ಪೂರ್ತಿ ತೆಗೆದರೆ ಶಿಶುಗಳಲ್ಲಿ ಅದೂ ಬಹುಮಟ್ಟಿಗೆ ಗುಣವಾಗುತ್ತದೆ. ಕ್ಯಾನ್ಸರ್ ಸ್ವಭಾವದ ಕೋಶಗಳಿರುವ ಬೆರಳೆಣಿಕೆಯ ಶಿಶುಗಳಿಗಷ್ಟೇ ಕೀಮೋಥೆರಪಿ ಬೇಕಾಗುತ್ತದೆ. ಇಷ್ಟು ಅಪರೂಪದ, ಇಷ್ಟು ಭೀಕರವಾಗಿ ಕಾಣುವ ಗಡ್ಡೆ ಹೀಗೆ ಒಂದೇ ಶಸ್ತ್ರಕ್ರಿಯೆಯಲ್ಲಿ ಮುಗಿದುಹೋಗುವುದು ವೈದ್ಯರಿಗೂ ಸಮಾಧಾನದ ಸಂಗತಿ. ತಡವಾದಷ್ಟೂ ಗಡ್ಡೆ ಹಿಗ್ಗಿ, ಮಗು ಕೃಶವಾಗಿ, ಅದೇ ಶಸ್ತ್ರಕ್ರಿಯೆ ಅಪಾಯಕಾರಿಯಾಗುತ್ತದೆ.

1965ರವರೆಗೆ ಧರ್ಮಪುರಿ, ಕೃಷ್ಣಗಿರಿ, ಹೊಸೂರುಗಳೆಲ್ಲ ಸೇಲಂ ಜಿಲ್ಲೆಗೇ ಸೇರಿದ್ದವು. ಜಿಲ್ಲೆಗಳು ಒಡೆದರೂ ರೋಗಿಗಳ ದಾರಿ ಪೂರ್ತಿ ಬದಲಾಗಿಲ್ಲ. ಸೇಲಮಿನ ಸರ್ಕಾರಿ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು 1986ರಲ್ಲಿ, ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2008ರಲ್ಲಿ ಆರಂಭವಾದವು. ಪೆನ್ನಾಗರಂ ಕಡೆಯ, ಹೊಗೇನಕಲ್ ಕಾಡಂಚಿನ ತಾಯಿ ಮೊದಲು ಕಾಣುವುದು ತಮ್ಮೂರ ಗ್ರಾಮ ಆರೋಗ್ಯ ದಾದಿಯನ್ನು. ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರ, ಧರ್ಮಪುರಿ, ಅಗತ್ಯವಾದರೆ ಸೇಲಂ. ಅದಕ್ಕೂ ಮೇಲೆ ಚೆನ್ನೈಯ ಎಗ್ಮೋರಿನ ಮಕ್ಕಳ ಆರೋಗ್ಯ ಸಂಸ್ಥೆ ಒಂದೆಡೆ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇನ್ನೊಂದೆಡೆ. ತಮಿಳುನಾಡಿನಲ್ಲಿ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆ ಯೋಜನೆ 2012ರಿಂದಲೂ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗಾಗಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದಲೂ ಇವೆ.

ಈ ಪ್ರತಿಯೊಂದು ಮೆಟ್ಟಿಲಲ್ಲಿಯೂ ಅಜ್ಜಿಯ ಆ ಮೊದಲ ವಾಕ್ಯ ಬೇರೊಂದು ಭಾಷೆಗೆ ದಾಟುತ್ತದೆ. ಮನೆಯ ಕನ್ನಡದ ‘ಗಂಟು’ ದಾದಿಯ ಮುಂದೆ ತಮಿಳಿನ ‘ಕಟ್ಟಿ’ಯಾಗುತ್ತದೆ; ತಮಿಳಿನಲ್ಲಿ ಕಟ್ಟಿ ಎಂದರೆ ಕೀವುಗಟ್ಟಿದ ಹುಣ್ಣೂ ಹೌದು, ಗಡ್ಡೆಯೂ ಹೌದು. ವೈದ್ಯರ ಚೀಟಿಯಲ್ಲಿ ಅದು ಇಂಗ್ಲಿಷಾಗುತ್ತದೆ. ದಾಟುವಾಗ ಸಾಮಾನ್ಯವಾಗಿ ಕಳೆದುಹೋಗುವುದು ಕಾಲ: ಗಂಟನ್ನು ಎಂದು ಮೊದಲು ಕಂಡದ್ದು, ಅಂದು ಎಷ್ಟಿತ್ತು, ಇಂದು ಎಷ್ಟಾಗಿದೆ ಎಂಬುದು. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ‘ತಾಯಿ ಮಗು’ವಿನಂಥ ಪುಸ್ತಕವನ್ನು ಕನ್ನಡದಲ್ಲಿ ಬರೆದದ್ದು ತಾಯಂದಿರು ಮನೆಯಲ್ಲಿಯೇ ಓದಿ ತಿಳಿಯಲೆಂದು. ಗಡಿಯ ಈಚೆಗೆ, ಕನ್ನಡವನ್ನು ಆಡಿಯೂ ಓದಲು ಕಲಿಯದ ತಾಯಂದಿರೇ ಹೆಚ್ಚಾಗಿರುವ ಮನೆಗಳಲ್ಲಿ, ಆ ಕೆಲಸ ಎರಡೂ ಲಿಪಿಗಳನ್ನು ಬಲ್ಲ ಮಗನಿಗೋ ಮಗಳಿಗೋ ಬೀಳುತ್ತದೆ. ಗಂಟು ಮೊದಲು ಕೈಗೆ ತಾಗಿದ ದಿನ, ವಾಂತಿಯ ಬಣ್ಣ, ಮಲದ ಬಣ್ಣ, ವಾರವಾರದ ತೂಕ — ಇವಿಷ್ಟನ್ನು ಒಂದು ಹಾಳೆಯಲ್ಲಿ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆದು ತಾಯಿಯ ಕೈಗಿತ್ತರೆ ಸೇಲಮಿನ ವೈದ್ಯರಿಗೆ ಅರ್ಧ ಇತಿಹಾಸ ಸಿಕ್ಕಂತೆ.

ಶಸ್ತ್ರಕ್ರಿಯೆಯ ಅನಂತರವೂ ಆ ಹಾಳೆಗೆ ಕೆಲಸವಿದೆ. ಕೆಲವು ವರ್ಷಗಳವರೆಗೆ ಗೊತ್ತಾದ ಅವಧಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಆಲ್ಫಾ ಫೀಟೋಪ್ರೋಟೀನ್ ಪರೀಕ್ಷೆ ನಡೆಯಬೇಕು. ಇಳಿಯುತ್ತ ಬಂದ ಅಂಕಿ ಮತ್ತೆ ಏರಿದರೆ ಗಡ್ಡೆ ಮರಳಿತೆಂಬ ಸೂಚನೆ. ಜಠರದ ದೊಡ್ಡ ಭಾಗವನ್ನು ಕಳೆದುಕೊಂಡ ಮಕ್ಕಳಿಗೆ ಬಿ12 ಜೀವಸತ್ವದ ಕೊರತೆಯಾಗದಂತೆ ನೋಡಿಕೊಳ್ಳಬೇಕು. ಉಳಿದ ಮಕ್ಕಳು ಆರು ತಿಂಗಳಿಗೆ ಎಲ್ಲರಂತೆಯೇ ಅನ್ನ ರಾಗಿಗಳ ಊಟಕ್ಕೆ ಹೊರಳುತ್ತಾರೆ. ಹೊಟ್ಟೆಯ ಮೇಲೆ ಅಡ್ಡಲಾಗಿ ಒಂದು ಹೊಲಿಗೆಯ ಗುರುತು ಉಳಿಯುತ್ತದೆ.